ಗಿಟಾರ್ ಮತ್ತು ಮ್ಯೂಸಿಕ್ ಪ್ಲೇಯರ್ ಎರಡನ್ನೂ ಬೆರೆಸುವ ಸರಳ ಆಡಿಯೋ ಮಿಕ್ಸರ್: ಮನೆಯಲ್ಲೇ ಕಟ್ಟುವ ಕ್ರಮ

ತುಮಕೂರಿನಲ್ಲಿ ಗಿಟಾರ್ ಕಲಿಯುವವರು ಈಗ ಬಹಳ ಮಂದಿ ಇದ್ದಾರೆ. ಕಾಲೇಜಿನ ರಾಜ್ಯೋತ್ಸವಕ್ಕೋ ಬಡಾವಣೆಯ ಗಣೇಶೋತ್ಸವಕ್ಕೋ ಹಾಡೊಂದನ್ನು ಸಿದ್ಧಪಡಿಸುವವರು ಫೋನಿನಲ್ಲಿ ಕರೋಕೆ ಟ್ರ್ಯಾಕ್ ಹಾಕಿಕೊಂಡು ಅದರ ಜೊತೆಗೆ ನುಡಿಸಿ ಅಭ್ಯಾಸ ಮಾಡುತ್ತಾರೆ. ಆದರೆ ಮನೆಯಲ್ಲಿರುವ ಚಿಕ್ಕ ಆಂಪ್ಲಿಫೈಯರ್‌ಗೆ ಸಾಮಾನ್ಯವಾಗಿ ಒಂದೇ ಇನ್‌ಪುಟ್ ಇರುವುದರಿಂದ, ಗಿಟಾರ್ ಒಂದು ಕಡೆಯಿಂದ, ಹಾಡು ಫೋನಿನ ಪುಟ್ಟ ಸ್ಪೀಕರಿನಿಂದ ಕೇಳಿಸುತ್ತದೆ; ತಾಳ ಸರಿಯಾಗಿ ಕಿವಿಗೆ ಬೀಳದೆ ಅಭ್ಯಾಸ ಕೆಡುತ್ತದೆ. ಇದಕ್ಕೆ ಸಾವಿರಾರು ರೂಪಾಯಿಯ ಮಿಕ್ಸರ್ ಬೇಕಾಗಿಲ್ಲ. ಒಂದು ಐಸಿ, ಹಿಡಿಯಷ್ಟು ರೆಸಿಸ್ಟರ್ ಮತ್ತು ಕೆಪಾಸಿಟರ್, ಒಂದು 9 ವೋಲ್ಟ್ ಬ್ಯಾಟರಿ ಸಾಕು. ಬೆಸುಗೆ ಹಾಕಲು ಬಲ್ಲವರು ರಜೆಯ ದಿನವೊಂದರಲ್ಲಿ ಇದನ್ನು ಕಟ್ಟಿ ಮುಗಿಸಬಹುದು.

ಎರಡು ವೈರುಗಳನ್ನು ನೇರವಾಗಿ ಸೇರಿಸಿದರೆ ಏನಾಗುತ್ತದೆ

ಎರಡು ಕೇಬಲ್‌ಗಳನ್ನು ಒಂದೇ ಪಿನ್ನಿಗೆ ಬೆಸೆದರೆ ಕೆಲಸ ಮುಗಿಯಿತಲ್ಲ ಎಂದು ಮೊದಲು ಅನ್ನಿಸುವುದು ಸಹಜ. ಹಾಗೆ ಮಾಡಿದವರಿಗೆ ಹಾಡು ಕೇಳಿಸುತ್ತದೆ, ಗಿಟಾರ್ ಮಾತ್ರ ಬಹುತೇಕ ಕಾಣೆಯಾಗುತ್ತದೆ. ಫೋನಿನ ಹೆಡ್‌ಫೋನ್ ಔಟ್‌ಪುಟ್‌ನ ಒಳರೋಧ ಕೆಲವೇ ಓಮ್‌ಗಳಷ್ಟಿರುತ್ತದೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಗಿಟಾರಿನ ಪಿಕಪ್ ಸಾವಿರಾರು ಸುತ್ತು ತೆಳುತಂತಿಯ ಸುರುಳಿಯಾದ್ದರಿಂದ ಅದರ ರೋಧವೇ 6ರಿಂದ 15 ಕಿಲೋ ಓಮ್ ಆಸುಪಾಸಿನಲ್ಲಿರುತ್ತದೆ. ಇವೆರಡನ್ನೂ ಒಂದೇ ಬಿಂದುವಿಗೆ ಕಟ್ಟಿದಾಗ ಗಿಟಾರಿನ ದುರ್ಬಲ ಸಂಕೇತವೆಲ್ಲ ಫೋನಿನ ಮೂಲಕ ಗ್ರೌಂಡಿಗೆ (ಸರ್ಕ್ಯೂಟಿನ ಸೊನ್ನೆ ವೋಲ್ಟ್ ಬಿಂದುವಿಗೆ) ಇಳಿದುಹೋಗುತ್ತದೆ.

ಪಿಕಪ್‌ಗೆ ಇನ್ನೊಂದು ಗುಣವಿದೆ. ಅದು ಹಲವು ಹೆನ್ರಿಗಳಷ್ಟು ಇಂಡಕ್ಟೆನ್ಸ್ ಹೊಂದಿರುವ ಸುರುಳಿ. ಹಾಗಾಗಿ ಸ್ವರದ ಆವರ್ತನ ಏರಿದಂತೆ ಅದರ ಇಂಪೀಡೆನ್ಸ್ (ಸಂಕೇತಕ್ಕೆ ಒಡ್ಡುವ ತಡೆ) ಕೂಡ ಏರುತ್ತ ಹೋಗಿ, ಕೆಲವು ಕಿಲೋಹರ್ಟ್ಸ್ ಮಟ್ಟದಲ್ಲಿ 100 ಕಿಲೋ ಓಮ್ ಮೀರಬಹುದು. ಅದರ ಮುಂದೆ 10 ಅಥವಾ 47 ಕಿಲೋ ಓಮ್‌ನ ಇನ್‌ಪುಟ್ ಇಟ್ಟರೆ ಮಂದ್ರಸ್ವರಗಳು ಹೇಗೋ ಬರುತ್ತವೆ, ತಂತಿಯ ಹೊಳಪು ಮಾತ್ರ ಸತ್ತುಹೋಗಿ ಕಂಬಳಿ ಹೊದಿಸಿದಂತೆ ಮಂಕಾಗಿ ಕೇಳಿಸುತ್ತದೆ. ಆದ್ದರಿಂದ ಬರೀ ಎರಡು ರೆಸಿಸ್ಟರ್ ಹಾಕಿ ಮಾಡುವ ಮಿಕ್ಸರನ್ನು ಗಿಟಾರಿಗೆ ನಾನು ಶಿಫಾರಸು ಮಾಡುವುದಿಲ್ಲ. ಗಿಟಾರಿಗೆ ಸುಮಾರು 1 ಮೆಗಾ ಓಮ್‌ನ ಇನ್‌ಪುಟ್ ಸಿಗಬೇಕು, ಅದರ ಸಂಕೇತ ಫೋನಿನ ಮಟ್ಟಕ್ಕೆ ಏರಬೇಕು, ಮತ್ತು ಬೆರೆಯುವ ಜಾಗದಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬೀಳಬಾರದು. ಮುಂದಿನ ಪ್ರತಿಯೊಂದು ಬಿಡಿಭಾಗವೂ ಈ ಮೂರರಲ್ಲಿ ಒಂದಕ್ಕೆ ಸಂಬಂಧಿಸಿದ್ದು.

ಬೇಕಾಗುವ ಸಾಮಗ್ರಿ

ಐಸಿ ಟಿಎಲ್ 072. ಇದರಲ್ಲಿ ಸಂಕೇತವನ್ನು ಹಿಗ್ಗಿಸುವ ಎರಡು ಆಪ್ ಆಂಪ್‌ಗಳಿವೆ, ಎರಡೂ ನಮಗೆ ಬೇಕು. ಇದನ್ನು ನೇರವಾಗಿ ಬೆಸೆಯದೆ 8 ಪಿನ್ನಿನ ಐಸಿ ಬೇಸ್ ಕೊಳ್ಳಿರಿ. ರೆಸಿಸ್ಟರ್‌ಗಳೆಲ್ಲ ಕಾಲು ವ್ಯಾಟಿನವು, ಸಾಧ್ಯವಿದ್ದರೆ ಮೆಟಲ್ ಫಿಲ್ಮ್: 10 ಕಿಲೋ ಓಮ್ ಮೂರು, 47 ಕಿಲೋ ಓಮ್ ನಾಲ್ಕು, 4.7 ಕಿಲೋ ಓಮ್ ಮೂರು, ಮತ್ತು 1 ಮೆಗಾ ಓಮ್, 100 ಕಿಲೋ ಓಮ್, 1 ಕಿಲೋ ಓಮ್, 470 ಓಮ್ ಒಂದೊಂದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು 16 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿನವು: 100 ಮೈಕ್ರೋಫ್ಯಾರಡ್ ಎರಡು, 10 ಮೈಕ್ರೋಫ್ಯಾರಡ್ ಮೂರು, 1 ಮೈಕ್ರೋಫ್ಯಾರಡ್ ಎರಡು. ಚಿಕ್ಕ ಕೆಪಾಸಿಟರ್‌ಗಳಲ್ಲಿ 22 ನ್ಯಾನೋಫ್ಯಾರಡ್‌ನ ಪಾಲಿಯೆಸ್ಟರ್ ಒಂದು, 100 ನ್ಯಾನೋಫ್ಯಾರಡ್ ಒಂದು, ಸೆರಾಮಿಕ್‌ನಲ್ಲಿ 100 ಪಿಕೋಫ್ಯಾರಡ್ ಮತ್ತು 47 ಪಿಕೋಫ್ಯಾರಡ್ ಒಂದೊಂದು. ಇವುಗಳ ಮೈಮೇಲೆ ಕ್ರಮವಾಗಿ 223, 104, 101 ಮತ್ತು 47 ಎಂದು ಬರೆದಿರುತ್ತದೆ.

ವಾಲ್ಯೂಮ್‌ಗೆ 10 ಕಿಲೋ ಓಮ್‌ನ ಗುಂಡಿ ತಿರುಗಿಸಿ ರೋಧ ಬದಲಿಸುವ ಎರಡು ಪಾಟ್‌ಗಳು ಬೇಕು. ಅಂಗಡಿಯಲ್ಲಿ ಕೇಳದಿದ್ದರೆ ಲೀನಿಯರ್ ಪಾಟ್ ಕೊಟ್ಟುಬಿಡುತ್ತಾರೆ. ಅದರ ಮೇಲೆ ಬಿ 10 ಕೆ ಎಂದಿರುತ್ತದೆ. ನಮಗೆ ಬೇಕಾದದ್ದು ಎ 10 ಕೆ ಎಂದು ಬರೆದಿರುವ ಲಾಗ್ ಪಾಟ್. ಕಿವಿ ಶಬ್ದದ ಏರಿಳಿತವನ್ನು ಗ್ರಹಿಸುವುದು ಲಾಗರಿದಮ್ ಕ್ರಮದಲ್ಲಾದ್ದರಿಂದ, ಲೀನಿಯರ್ ಪಾಟ್‌ನಲ್ಲಿ ಗುಂಡಿಯನ್ನು ಸ್ವಲ್ಪ ತಿರುಗಿಸಿದೊಡನೆ ಶಬ್ದವೆಲ್ಲ ಬಂದುಬಿಟ್ಟು ಉಳಿದ ತಿರುವು ವ್ಯರ್ಥವಾಗುತ್ತದೆ.

ಇನ್ನುಳಿದದ್ದು: 6.35 ಮಿಲಿಮೀಟರಿನ ಸ್ಟೀರಿಯೋ ಸಾಕೆಟ್ ಒಂದು, ಅದೇ ಅಳತೆಯ ಮೋನೋ ಸಾಕೆಟ್ ಒಂದು, 3.5 ಮಿಲಿಮೀಟರಿನ ಸ್ಟೀರಿಯೋ ಸಾಕೆಟ್ ಒಂದು, 1ಎನ್ 5819 ಡಯೋಡ್, ಕೆಂಪು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಲಿಪ್, ಡಾಟ್ ಬೋರ್ಡ್, ಶೀಲ್ಡ್ ವೈರ್, ಅಲ್ಯೂಮಿನಿಯಂ ಡಬ್ಬಿ. ತುಮಕೂರಿನ ಟಿ.ವಿ., ಆಂಪ್ಲಿಫೈಯರ್ ರಿಪೇರಿ ಅಂಗಡಿಗಳಲ್ಲಿ ರೆಸಿಸ್ಟರ್, ಕೆಪಾಸಿಟರ್‌ಗಳಿಗೆ ತೊಂದರೆಯಿಲ್ಲ. ಐಸಿ ಮತ್ತು ಲಾಗ್ ಪಾಟ್ ಸಿಗದಿದ್ದರೆ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯೊಳಗೆ ಬರಬಹುದು. ಅಷ್ಟು ದೂರ ಹೋದಾಗ ಐಸಿಯನ್ನು ಎರಡು ತಂದಿಟ್ಟುಕೊಳ್ಳುವುದು ಒಳ್ಳೆಯದು.

ಸರ್ಕ್ಯೂಟ್: ಮೊದಲು ಕಾಗದದ ಮೇಲೆ

ಕೆಳಗಿನ ವಿವರಣೆಯನ್ನು ಓದುತ್ತ ನೀವೇ ಒಂದು ಹಾಳೆಯ ಮೇಲೆ ಚಿತ್ರ ಬರೆದುಕೊಳ್ಳಬೇಕೆಂದು ನನ್ನ ಒತ್ತಾಯದ ಕೋರಿಕೆ. ಬೇರೆಯವರು ಬರೆದ ಚಿತ್ರವನ್ನು ನೋಡಿ ಕಟ್ಟಿದವರಿಗಿಂತ, ತಾವೇ ಬರೆದು ಕಟ್ಟಿದವರು ದೋಷ ಬಂದಾಗ ಬೇಗ ಹುಡುಕಬಲ್ಲರು. ಐಸಿಯ ಕಚ್ಚು ಮೇಲಕ್ಕೆ ಬರುವಂತೆ ಹಿಡಿದರೆ ಎಡಗಡೆಯ ಮೇಲಿನದು 1ನೇ ಪಿನ್. ಎಡಸಾಲಿನಲ್ಲಿ ಕೆಳಗೆ 4ರವರೆಗೆ ಇಳಿದು, ಬಲಸಾಲಿನಲ್ಲಿ ಕೆಳಗಿನ 5ರಿಂದ ಮೇಲಿನ 8ರವರೆಗೆ ಎಣಿಸಬೇಕು.

ವಿದ್ಯುತ್ ಪೂರೈಕೆಯಿಂದ ಆರಂಭಿಸೋಣ. ಬ್ಯಾಟರಿಯ ಪ್ಲಸ್ ವೈರು ಡಯೋಡಿನ ಮೂಲಕ ಹಾದು ಐಸಿಯ 8ನೇ ಪಿನ್ನಿಗೆ ಹೋಗುತ್ತದೆ. ಡಯೋಡಿನ ಪಟ್ಟೆ ಇರುವ ತುದಿ ಐಸಿಯ ಕಡೆಗಿರಲಿ. ಬ್ಯಾಟರಿಯನ್ನು ಅವಸರದಲ್ಲಿ ತಿರುವುಮುರುವಾಗಿ ಸಿಕ್ಕಿಸಿದರೂ ಐಸಿ ಸುಡದಂತೆ ಇದು ಕಾಯುತ್ತದೆ. 4ನೇ ಪಿನ್ ಗ್ರೌಂಡ್; ಮೂರೂ ಸಾಕೆಟ್‌ಗಳ ತೋಳಿನ ಸಂಪರ್ಕವೂ ಇದಕ್ಕೇ ಸೇರಬೇಕು. 8 ಮತ್ತು 4ರ ನಡುವೆ, ಐಸಿಗೆ ಆದಷ್ಟು ಹತ್ತಿರದಲ್ಲಿ, 100 ನ್ಯಾನೋಫ್ಯಾರಡ್ ಮತ್ತು ಒಂದು 100 ಮೈಕ್ರೋಫ್ಯಾರಡ್ ಹಾಕಿರಿ. ಎಲ್‌ಇಡಿಯನ್ನು 4.7 ಕಿಲೋ ಓಮ್ ಸರಣಿಯಲ್ಲಿಟ್ಟು ಇದೇ ಎರಡು ಬಿಂದುಗಳ ನಡುವೆ ಕೊಡಿ.

ಸಂಗೀತದ ಸಂಕೇತ ಮೇಲಕ್ಕೂ ಕೆಳಕ್ಕೂ ತೂಗಾಡುವಂಥದ್ದು. ಬ್ಯಾಟರಿಯಲ್ಲಿ ಇರುವುದು ಪ್ಲಸ್ ಮತ್ತು ಸೊನ್ನೆ ಮಾತ್ರ. ಆದ್ದರಿಂದ ನಡುಮಟ್ಟವೊಂದನ್ನು ಸೃಷ್ಟಿಸಬೇಕು: ಪ್ಲಸ್‌ನಿಂದ ಗ್ರೌಂಡಿಗೆ ಎರಡು 10 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಸರಣಿಯಲ್ಲಿಟ್ಟು, ಅವುಗಳ ನಡುಬಿಂದುವಿನಿಂದ ಗ್ರೌಂಡಿಗೆ ಇನ್ನೊಂದು 100 ಮೈಕ್ರೋಫ್ಯಾರಡ್ ಕೊಟ್ಟರೆ ಅಲ್ಲಿ ಸುಮಾರು 4.4 ವೋಲ್ಟ್ ಸ್ಥಿರವಾಗಿ ನಿಲ್ಲುತ್ತದೆ. ಇದನ್ನು ಮುಂದೆ ಮಧ್ಯಬಿಂದು ಎಂದು ಕರೆಯುತ್ತೇನೆ.

ಈಗ ಗಿಟಾರಿನ ಹಂತ. 6.35 ಮಿಲಿಮೀಟರ್ ಸ್ಟೀರಿಯೋ ಸಾಕೆಟ್‌ನ ತುದಿ ಸಂಪರ್ಕದಿಂದ 1 ಕಿಲೋ ಓಮ್, ಅಲ್ಲಿಂದ 22 ನ್ಯಾನೋಫ್ಯಾರಡ್, ಅಲ್ಲಿಂದ 3ನೇ ಪಿನ್. 1 ಕಿಲೋ ಓಮ್ ಮತ್ತು 22 ನ್ಯಾನೋಫ್ಯಾರಡ್ ಸೇರುವ ಜಾಗದಿಂದ ಗ್ರೌಂಡಿಗೆ 100 ಪಿಕೋಫ್ಯಾರಡ್ ಹಾಕಿದರೆ ಕೇಬಲ್ ಆಂಟೆನಾದಂತೆ ಹಿಡಿದು ತರುವ ರೇಡಿಯೋ ತರಂಗಗಳು ಒಳಗೆ ಬರುವುದಿಲ್ಲ. 3ನೇ ಪಿನ್ನಿನಿಂದ ಮಧ್ಯಬಿಂದುವಿಗೆ 1 ಮೆಗಾ ಓಮ್. 22 ನ್ಯಾನೋಫ್ಯಾರಡ್ ಇಷ್ಟು ಚಿಕ್ಕದಾದರೆ ಮಂದ್ರಸ್ವರ ಹೋಗದೇ ಎಂಬ ಸಂದೇಹ ಬರಬಹುದು. 1 ಮೆಗಾ ಓಮ್ ಜೊತೆಗೆ ಅದು ತಡೆಯುವುದು 7 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ, ಗಿಟಾರಿನ ಅತ್ಯಂತ ದಪ್ಪ ತಂತಿಯ ಸ್ವರವೋ ಸುಮಾರು 82 ಹರ್ಟ್ಸ್.

1ನೇ ಪಿನ್ ಈ ಹಂತದ ಔಟ್‌ಪುಟ್. ಅದರಿಂದ 2ನೇ ಪಿನ್ನಿಗೆ 47 ಕಿಲೋ ಓಮ್. 2ನೇ ಪಿನ್ನಿನಿಂದ 10 ಕಿಲೋ ಓಮ್, ಅದರ ಮುಂದೆ 10 ಮೈಕ್ರೋಫ್ಯಾರಡ್, ಆಮೇಲೆ ಗ್ರೌಂಡ್. ಕೆಪಾಸಿಟರಿನ ಮೈನಸ್ ಕಾಲು ಗ್ರೌಂಡಿನ ಕಡೆಗೆ. ಹೀಗೆ ಕಟ್ಟಿದಾಗ ವರ್ಧನೆ 1 ಮತ್ತು 4.7ರ ಮೊತ್ತ, ಅಂದರೆ 5.7 ಪಟ್ಟು. ಸಾಮಾನ್ಯ ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ) ಪಿಕಪ್ ಕೊಡುವ 100ರಿಂದ 200 ಮಿಲಿವೋಲ್ಟ್ ಈಗ ಸುಮಾರು 0.6ರಿಂದ 1.1 ವೋಲ್ಟ್ ಆಗಿ ಫೋನಿನ ಮಟ್ಟಕ್ಕೆ ಸರಿಸಮ ನಿಲ್ಲುತ್ತದೆ. ನಿಮ್ಮ ಗಿಟಾರಿನಲ್ಲಿ ಹಂಬಕರ್ (ಎರಡು ಸುರುಳಿಯ) ಪಿಕಪ್ ಇದ್ದು ಬಲವಾಗಿ ಬಾರಿಸುವ ಅಭ್ಯಾಸವಿದ್ದರೆ 10 ಕಿಲೋ ಓಮ್ ಜಾಗದಲ್ಲಿ 22 ಕಿಲೋ ಓಮ್ ಹಾಕಿರಿ, ವರ್ಧನೆ 3.1ಕ್ಕೆ ಇಳಿದು ಸ್ವರ ಒಡೆಯುವುದು ತಪ್ಪುತ್ತದೆ. 1ನೇ ಪಿನ್ನಿನಿಂದ 10 ಮೈಕ್ರೋಫ್ಯಾರಡ್ (ಪ್ಲಸ್ ಕಾಲು ಐಸಿಯ ಕಡೆಗೆ) ಮೂಲಕ ಗಿಟಾರ್ ಪಾಟ್‌ನ ಮೇಲಿನ ಕಾಲಿಗೆ ಕೊಡಿ.

ಮ್ಯೂಸಿಕ್ ಪ್ಲೇಯರಿನ ಕಡೆ ಕೆಲಸ ಕಡಿಮೆ. 3.5 ಮಿಲಿಮೀಟರ್ ಸಾಕೆಟ್‌ನ ತುದಿ ಎಡ ಚಾನೆಲ್, ನಡುವಿನ ಉಂಗುರ ಬಲ ಚಾನೆಲ್. ಎರಡನ್ನೂ ನೇರವಾಗಿ ಜೋಡಿಸಬಾರದು; ಹಾಗೆ ಮಾಡಿದರೆ ಫೋನಿನೊಳಗಿನ ಎರಡು ಆಂಪ್ಲಿಫೈಯರ್‌ಗಳು ಒಂದನ್ನೊಂದು ಎದುರಿಸಿ ನಿಲ್ಲುತ್ತವೆ. ಪ್ರತಿಯೊಂದಕ್ಕೂ 4.7 ಕಿಲೋ ಓಮ್ ಹಾಕಿ, ಆ ರೆಸಿಸ್ಟರ್‌ಗಳ ಇನ್ನೊಂದು ತುದಿಗಳನ್ನು ಸೇರಿಸಿ ಎರಡನೆಯ ಪಾಟ್‌ನ ಮೇಲಿನ ಕಾಲಿಗೆ ಕೊಡಿ.

ಪಾಟ್‌ನ ದಂಡ ನಿಮ್ಮ ಕಡೆಗೆ, ಕಾಲುಗಳು ಕೆಳಗೆ ಬರುವಂತೆ ಹಿಡಿದಾಗ ಬಲಗಾಲೇ ಮೇಲೆ ಹೇಳಿದ ಮೇಲಿನ ಕಾಲು. ಎಡಗಾಲು ಗ್ರೌಂಡ್, ನಡುಗಾಲು ಔಟ್‌ಪುಟ್. ಪ್ರತಿ ಪಾಟ್‌ನ ನಡುಗಾಲಿನಿಂದ 1 ಮೈಕ್ರೋಫ್ಯಾರಡ್, ಅದರ ಮುಂದೆ 47 ಕಿಲೋ ಓಮ್, ಎರಡೂ ಬಂದು ಸೇರುವುದು 6ನೇ ಪಿನ್ನಿನಲ್ಲಿ. ಇಲ್ಲಿ ಕೆಪಾಸಿಟರಿನ ಪ್ಲಸ್ ಕಾಲು ಐಸಿಯ ಕಡೆಗಿರಬೇಕು, ಏಕೆಂದರೆ 4.4 ವೋಲ್ಟ್ ಇರುವುದು ಆ ಬದಿಯಲ್ಲಿ. 5ನೇ ಪಿನ್ನನ್ನು ನೇರವಾಗಿ ಮಧ್ಯಬಿಂದುವಿಗೆ ಜೋಡಿಸಿ. 7ರಿಂದ 6ಕ್ಕೆ ಕೊನೆಯ 47 ಕಿಲೋ ಓಮ್, ಅದರ ಮೇಲೆಯೇ ಸಮಾಂತರವಾಗಿ 47 ಪಿಕೋಫ್ಯಾರಡ್.

ಇಡೀ ಮಿಕ್ಸರಿನ ಜೀವ ಇರುವುದು ಈ 6ನೇ ಪಿನ್ನಿನಲ್ಲಿ. ಆಪ್ ಆಂಪ್ ತನ್ನ ಔಟ್‌ಪುಟ್ಟನ್ನು ಸದಾ ಹೊಂದಿಸಿಕೊಳ್ಳುತ್ತ 6ನೇ ಪಿನ್ನನ್ನು 5ನೆಯದರ ಮಟ್ಟದಲ್ಲೇ ಹಿಡಿದಿಡುತ್ತದೆ. ಎರಡು ಕಾಲುವೆಗಳಿಂದ ನೀರು ಬಂದರೂ ಕೋಡಿ ಹರಿಯುತ್ತಿರುವ ಕೆರೆಯ ಮಟ್ಟ ಹೇಗೆ ಏರದೋ, ಹಾಗೆ ಇಲ್ಲಿ ಎರಡು ಸಂಕೇತಗಳು ಬಂದು ಸೇರಿದರೂ ವೋಲ್ಟೇಜ್ ಅಲುಗುವುದಿಲ್ಲ. ಮಟ್ಟವೇ ಅಲುಗದಿದ್ದ ಮೇಲೆ ಹಾಡಿನ ಸಂಕೇತ ಗಿಟಾರಿನ ದಾರಿಯಲ್ಲಿ ಹಿಂದಕ್ಕೆ ಹೋಗುವ ಪ್ರಶ್ನೆ ಬರುವುದಿಲ್ಲ. ಒಂದು ಪಾಟ್ ತಿರುಗಿಸಿದರೆ ಇನ್ನೊಂದರ ಶಬ್ದ ಬದಲಾಗುವುದಿಲ್ಲ.

7ನೇ ಪಿನ್ನಿನಿಂದ 10 ಮೈಕ್ರೋಫ್ಯಾರಡ್ (ಪ್ಲಸ್ ಐಸಿಯ ಕಡೆಗೆ), ಆಮೇಲೆ 470 ಓಮ್, ಆಮೇಲೆ ಔಟ್‌ಪುಟ್ ಮೋನೋ ಸಾಕೆಟ್. ಸಾಕೆಟ್‌ನ ತುದಿಯಿಂದ ಗ್ರೌಂಡಿಗೆ 100 ಕಿಲೋ ಓಮ್ ಕೊಟ್ಟರೆ ಕೇಬಲ್ ಸಿಕ್ಕಿಸುವಾಗ ಬರುವ ಟಪ್ ಎಂಬ ಸದ್ದು ತಗ್ಗುತ್ತದೆ.

ಸ್ವಿಚ್ಚಿನ ವಿಷಯ ಬಾಕಿ ಇದೆ. ಬ್ಯಾಟರಿಯ ಮೈನಸ್ ವೈರನ್ನು ಗ್ರೌಂಡಿಗೆ ಕೊಡದೆ ಗಿಟಾರ್ ಸಾಕೆಟ್‌ನ ನಡುವಿನ ಉಂಗುರ ಸಂಪರ್ಕಕ್ಕೆ ಬೆಸೆಯಿರಿ. ಗಿಟಾರಿನ ಮೋನೋ ಪಿನ್ ಒಳಗೆ ಹೋದಾಗ ಅದರ ಉದ್ದನೆಯ ತೋಳು ಉಂಗುರವನ್ನೂ ಗ್ರೌಂಡನ್ನೂ ಸೇರಿಸಿ ಸರ್ಕ್ಯೂಟನ್ನು ಚಾಲೂ ಮಾಡುತ್ತದೆ, ತೆಗೆದಾಗ ಆರಿಸುತ್ತದೆ. ಗಿಟಾರ್ ಪೆಡಲ್‌ಗಳಲ್ಲಿ ಬಳಸುವ ಉಪಾಯವೇ ಇದು. ಗಿಟಾರ್ ಇಲ್ಲದೆ ಹಾಡು ಮಾತ್ರ ಕೇಳಬೇಕೆನ್ನುವವರು ಸಾಮಾನ್ಯ ಸ್ವಿಚ್ ಹಾಕಿಕೊಳ್ಳಬಹುದು.

ಬೆಸುಗೆ ಮತ್ತು ಡಬ್ಬಿ

25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಕಿಟಕಿ ತೆರೆದಿಟ್ಟು ಕುಳಿತುಕೊಳ್ಳಿ, ಕೆಲಸ ಮುಗಿದ ಮೇಲೆ ಊಟಕ್ಕೆ ಮುನ್ನ ಕೈಯನ್ನು ಸೋಪಿನಿಂದ ತೊಳೆಯಿರಿ, ಸೋಲ್ಡರಿನಲ್ಲಿರುವುದು ಸೀಸ. ಮೊದಲು ಐಸಿ ಬೇಸ್, ಆಮೇಲೆ ರೆಸಿಸ್ಟರ್‌ಗಳು, ನಂತರ ಕೆಪಾಸಿಟರ್‌ಗಳು, ಕೊನೆಗೆ ವೈರುಗಳು, ಈ ಕ್ರಮದಲ್ಲಿ ಹೋದರೆ ಬೋರ್ಡನ್ನು ಮಗುಚಿದಾಗ ಯಾವುದೂ ಉದುರುವುದಿಲ್ಲ. ಬಣ್ಣದ ಪಟ್ಟೆಗಳನ್ನು ನಂಬಿ ಕೂರಬೇಡಿ: ನಾಲ್ಕು ಪಟ್ಟೆಯ ರೆಸಿಸ್ಟರ್‌ಗಳಲ್ಲಿ 1 ಕಿಲೋ, 10 ಕಿಲೋ, 1 ಮೆಗಾ ಓಮ್ ಮೂರೂ ಕಂದು ಮತ್ತು ಕಪ್ಪಿನಿಂದಲೇ ಆರಂಭವಾಗುತ್ತವೆ, ಬೇರೆಯಾಗುವುದು ಮೂರನೆಯ ಪಟ್ಟೆಯಲ್ಲಿ ಮಾತ್ರ. ರಾತ್ರಿ ಹಳದಿ ಬಲ್ಬಿನ ಬೆಳಕಿನಲ್ಲಿ ಕೆಂಪು, ಕಿತ್ತಳೆಗಳನ್ನು ಗುರುತಿಸುವುದು ಕಷ್ಟ. ಪ್ರತಿಯೊಂದನ್ನೂ ಮಲ್ಟಿಮೀಟರಿನಲ್ಲಿ ಅಳೆದೇ ಹಾಕಿರಿ.

ಬೋರ್ಡಿನ ಒಂದು ಅಂಚಿನಲ್ಲಿ ಗಿಟಾರ್ ಇನ್‌ಪುಟ್, ಎದುರು ಅಂಚಿನಲ್ಲಿ ಔಟ್‌ಪುಟ್ ಇರಲಿ. ಔಟ್‌ಪುಟ್ಟಿನ ವೈರು 3ನೇ ಪಿನ್ನಿನ ಪಕ್ಕದಲ್ಲಿ ಹಾದುಹೋದರೆ ಸಿಳ್ಳೆಯಂಥ ಸದ್ದು ಹುಟ್ಟುವ ಅಪಾಯವಿದೆ. ಗಿಟಾರ್ ಸಾಕೆಟ್‌ನಿಂದ ಬೋರ್ಡಿಗೆ ಬರುವ ವೈರು ಶೀಲ್ಡ್ ವೈರೇ ಆಗಿರಬೇಕು.

ಡಬ್ಬಿ ಲೋಹದ್ದೇ ಆಗಬೇಕು ಎಂಬುದರಲ್ಲಿ ನನಗೆ ರಾಜಿಯಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಟ್ಯೂಬ್‌ಲೈಟ್, ಚಾರ್ಜರ್, ಮನೆಯ ವೈರಿಂಗ್ ಎಲ್ಲದರ ಗುಂಯ್ ಎಂಬ ಸದ್ದು 1 ಮೆಗಾ ಓಮ್‌ನ ಇನ್‌ಪುಟ್ಟಿಗೆ ಬಂದು ಸೇರುತ್ತದೆ. ಅಲ್ಯೂಮಿನಿಯಂ ಡಬ್ಬಿಯನ್ನು ಸಾಮಾನ್ಯ ಡ್ರಿಲ್ ಬಿಟ್ ಸುಲಭವಾಗಿ ಕೊರೆಯುತ್ತದೆ. ಸ್ಟೀಲ್ ಟಿಫಿನ್ ಡಬ್ಬಿಯೂ ಆಗುತ್ತದೆ, ಕೊರೆಯುವುದು ಮಾತ್ರ ತ್ರಾಸ. ಗ್ರೌಂಡ್ ಡಬ್ಬಿಗೆ ತಾಗುವುದು ಗಿಟಾರ್ ಸಾಕೆಟ್‌ನ ಲೋಹದ ಮೈಯಿಂದ ಒಂದೇ ಕಡೆ ಇರಲಿ, ಉಳಿದ ಎರಡು ಸಾಕೆಟ್‌ಗಳು ಪ್ಲಾಸ್ಟಿಕ್ ಮೈಯವು ಆಗಿರಲಿ. ಬೋರ್ಡಿನ ಕೆಳಗೆ ದಪ್ಪ ರಟ್ಟು ಇಟ್ಟು ಬೆಸುಗೆಗಳು ಡಬ್ಬಿಗೆ ತಾಗದಂತೆ ನೋಡಿಕೊಳ್ಳಿ.

ಪರೀಕ್ಷೆ

ಐಸಿ ಹಾಕುವ ಮೊದಲೇ ಬ್ಯಾಟರಿ ಜೋಡಿಸಿ, ಗಿಟಾರ್ ಸಾಕೆಟ್‌ಗೆ ಪಿನ್ ಸಿಕ್ಕಿಸಿ. ಎಲ್‌ಇಡಿ ಹತ್ತಬೇಕು. ಮಲ್ಟಿಮೀಟರಿನ ಕಪ್ಪು ತುದಿಯನ್ನು ಗ್ರೌಂಡಿಗೆ ಇಟ್ಟು ನೋಡಿದರೆ ಐಸಿ ಬೇಸಿನ 8ರಲ್ಲಿ 8.7 ವೋಲ್ಟಿನ ಆಸುಪಾಸು, 4ರಲ್ಲಿ ಸೊನ್ನೆ, 5ರಲ್ಲಿ ಅರ್ಧದಷ್ಟು ಕಾಣಬೇಕು. ಇದು ಸರಿಯಾದ ಮೇಲೆ ಬ್ಯಾಟರಿ ತೆಗೆದು, ಐಸಿಯನ್ನು ಕಚ್ಚು ನೋಡಿಕೊಂಡು ಕೂರಿಸಿ, ಮತ್ತೆ ಜೋಡಿಸಿ. ಈಗ 1, 2, 5, 6, 7 ಎಲ್ಲವೂ ಅರ್ಧ ವೋಲ್ಟೇಜಿನಲ್ಲಿರಬೇಕು. 7ನೆಯದು 8 ವೋಲ್ಟಿಗೋ 1 ವೋಲ್ಟಿಗೋ ಅಂಟಿಕೊಂಡಿದ್ದರೆ 7 ಮತ್ತು 6ರ ನಡುವಿನ 47 ಕಿಲೋ ಓಮ್‌ನ ಬೆಸುಗೆ ನೋಡಿ.

3ನೇ ಪಿನ್ನನ್ನು ಅಳೆಯುವಾಗ ಮಾತ್ರ ಗಾಬರಿಯಾಗಬೇಡಿ. ಅಲ್ಲಿಗೆ ವೋಲ್ಟೇಜ್ ಬರುವುದು 1 ಮೆಗಾ ಓಮ್ ದಾಟಿಕೊಂಡು. ಅಗ್ಗದ ಹಳದಿ ಮಲ್ಟಿಮೀಟರುಗಳ ಒಳರೋಧವೂ ಹಲವುವೇಳೆ 1 ಮೆಗಾ ಓಮ್ ಆಗಿರುವುದರಿಂದ ಮೀಟರಿನಲ್ಲಿ 2.2 ವೋಲ್ಟ್ ಕಾಣಬಹುದು. 10 ಮೆಗಾ ಓಮ್‌ನ ಒಳ್ಳೆಯ ಮೀಟರಿನಲ್ಲೂ 4ರ ಆಸುಪಾಸು ತೋರಿಸುತ್ತದೆ. ಸರ್ಕ್ಯೂಟಿನಲ್ಲಿ ದೋಷವಿಲ್ಲ, ಅಳತೆಯೇ ಅದನ್ನು ಇಳಿಸುತ್ತಿದೆ.

ಆಮೇಲೆ ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ಇಳಿಸಿ, ಔಟ್‌ಪುಟ್ ಜೋಡಿಸಿ. ನಮ್ಮ ಕಡೆಯ ಸಭೆ ಸಮಾರಂಭಗಳಲ್ಲಿ ಕಾಣುವ ಅಹುಜಾ ಮಾದರಿಯ ಆಂಪ್ಲಿಫೈಯರ್ ಆಗಿದ್ದರೆ ಮೈಕ್ ಸಾಕೆಟ್‌ಗೆ ಕೊಡದೆ ಆಕ್ಸ್ ಸಾಕೆಟ್‌ಗೆ ಕೊಡಬೇಕು. ಮೈಕ್ ಇನ್‌ಪುಟ್ ಕೆಲವು ಮಿಲಿವೋಲ್ಟ್‌ಗಳನ್ನು ನಿರೀಕ್ಷಿಸುವಂಥದ್ದು, ಅಲ್ಲಿ 1 ವೋಲ್ಟ್ ಕೊಟ್ಟರೆ ಸ್ವರ ಒಡೆದು ಹರಡುತ್ತದೆ. ಮಿಕ್ಸರ್ ಚಾಲೂ ಆದ ಒಂದೆರಡು ಸೆಕೆಂಡಿನ ನಂತರ, ಮಧ್ಯಬಿಂದುವಿನ ಕೆಪಾಸಿಟರ್ ತುಂಬಿದ ಮೇಲೆ, ಶಬ್ದ ಏರಿಸಿ. ಗಿಟಾರನ್ನು ಮೊದಲು ನಿಮಗೆ ಬೇಕಾದ ಮಟ್ಟಕ್ಕೆ ತಂದು, ಹಾಡನ್ನು ಅದರ ಕೆಳಗೆ ಕೂರಿಸಿ. ಫೋನಿನ ವಾಲ್ಯೂಮ್ ಮುಕ್ಕಾಲು ಇಟ್ಟು ಉಳಿದದ್ದನ್ನು ಪಾಟ್‌ನಲ್ಲಿ ಸರಿಪಡಿಸುವುದೇ ಉತ್ತಮ.

ತೊಂದರೆ ಬಂದಾಗ

ಹಾಡು ಹಾಕಿದಾಗ ಮಾತ್ರ ಗುಂಯ್ ಎಂದರೆ ಫೋನ್ ಚಾರ್ಜಿನಲ್ಲಿದೆಯೇ ನೋಡಿ; ಚಾರ್ಜರ್ ಮತ್ತು ಆಂಪ್ಲಿಫೈಯರ್ ಎರಡೂ ಮನೆಯ ಕರೆಂಟಿಗೆ ಸೇರಿದಾಗ ಗ್ರೌಂಡಿಗೆ ಎರಡು ದಾರಿಗಳಾಗಿ ಸದ್ದು ನುಗ್ಗುತ್ತದೆ. ಚಾರ್ಜರ್ ತೆಗೆದರೆ ನಿಲ್ಲುತ್ತದೆ. ಪಾಟ್ ತಿರುಗಿಸುವಾಗ ಕರಕರ ಎಂದರೆ 1 ಅಥವಾ 10 ಮೈಕ್ರೋಫ್ಯಾರಡ್ ಒಂದು ತಿರುಗುಮುರುಗಾಗಿದೆ ಅಥವಾ ಸೋರುತ್ತಿದೆ, ನೇರ ವಿದ್ಯುತ್ ಪಾಟ್‌ಗೆ ಬರುತ್ತಿದೆ. ಗಿಟಾರ್ ಕೇಳಿಸದಿದ್ದರೆ ಕೇಬಲ್ಲಿನ ಆಚೆ ತುದಿಯನ್ನು ಬೆರಳಿನಿಂದ ಮುಟ್ಟಿ: ಗುಂಯ್ ಎಂದರೆ ಮಿಕ್ಸರ್ ಸರಿಯಿದೆ, ದೋಷ ಗಿಟಾರಿನಲ್ಲಿದೆ. ಎಲ್ಲವೂ ಸರಿಯಿದ್ದು ಜೋರಾಗಿ ಬಾರಿಸಿದಾಗ ಮಾತ್ರ ಸ್ವರ ಒಡೆದರೆ ಬ್ಯಾಟರಿ ಅಳೆಯಿರಿ, 7.5 ವೋಲ್ಟಿಗಿಂತ ಕೆಳಗಿಳಿದಿದ್ದರೆ ಬದಲಿಸಿ. ಇಡೀ ಸರ್ಕ್ಯೂಟ್ ಎಳೆಯುವುದು ಸುಮಾರು 5 ಮಿಲಿ ಆಂಪಿಯರ್, ಆದ್ದರಿಂದ ಆಲ್ಕಲೈನ್ ಬ್ಯಾಟರಿ ಸುಮಾರು 100 ಗಂಟೆಯವರೆಗೆ ಬರುತ್ತದೆ. ಪಿನ್ ತೆಗೆಯದೆ ಬಿಟ್ಟರೆ ನಾಲ್ಕೈದು ದಿನದಲ್ಲಿ ಅದು ಖಾಲಿ.

ಇದರ ಔಟ್‌ಪುಟ್ಟಿಗೆ ಹೆಡ್‌ಫೋನ್ ನೇರವಾಗಿ ಹಾಕಬೇಡಿ. 32 ಓಮ್‌ನ ಹೆಡ್‌ಫೋನಿಗೆ ಬೇಕಾದಷ್ಟು ಕರೆಂಟನ್ನು ಟಿಎಲ್ 072 ಕೊಡಲಾರದು. ಅದಕ್ಕೆ ಪ್ರತ್ಯೇಕ ಹೆಡ್‌ಫೋನ್ ಆಂಪ್ಲಿಫೈಯರ್ ಬೇಕು. ಕೀಬೋರ್ಡ್ ಅಥವಾ ರಿದಮ್ ಪ್ಯಾಡ್ ಸೇರಿಸಬೇಕೆಂದರೆ ದಾರಿ ಸುಲಭ: ಇನ್ನೊಂದು 10 ಕಿಲೋ ಓಮ್ ಪಾಟ್, 1 ಮೈಕ್ರೋಫ್ಯಾರಡ್, 47 ಕಿಲೋ ಓಮ್ ಹಾಕಿ ಅದೇ 6ನೇ ಪಿನ್ನಿಗೆ ತಂದು ಸೇರಿಸಿ, ಮೊದಲಿನ ಎರಡರ ಮಟ್ಟವನ್ನು ಮುಟ್ಟಬೇಕಾಗಿಲ್ಲ. ಆದರೆ 9 ವೋಲ್ಟಿನಲ್ಲಿ ಸಂಕೇತ ತೂಗಲು ಇರುವ ಜಾಗ ಎರಡೂ ಕಡೆಗೆ ಸುಮಾರು 3 ವೋಲ್ಟ್ ಮಾತ್ರ. ಮೂರೂ ಒಟ್ಟಿಗೆ ಜೋರಾಗಿ ಬಂದರೆ ಅದು ಸಾಲದು, ಆಗ 7 ಮತ್ತು 6ರ ನಡುವಿನ 47 ಕಿಲೋ ಓಮ್ ತೆಗೆದು 33 ಕಿಲೋ ಓಮ್ ಹಾಕಿರಿ. ಹಾಡುಗಾರರ ಮೈಕ್‌ಗೆ ಇಷ್ಟು ಸಾಲದು; ಅದರ ಸಂಕೇತವನ್ನು ನೂರು ಪಟ್ಟಿನಷ್ಟು ಏರಿಸುವ ಬೇರೆ ಹಂತವನ್ನೇ ಕಟ್ಟಿ, ಅದರ ಔಟ್‌ಪುಟ್ಟನ್ನು ಇಲ್ಲಿಗೆ ತರಬೇಕಾಗುತ್ತದೆ.